ಕೊಳ ಹಸಿರಾಗಿದೆ, ಡೀಸೆಲ್ ಮಾತ್ರ ಹಾಗೇ ಇದೆ: ಗ್ಯಾರೇಜ್ ತೊಳೆನೀರಿನ ಪಾಚಿ ಕೊಳಕ್ಕೊಂದು ದೋಷ ನಿವಾರಣೆ ಕೈಪಿಡಿ

ಬಸ್ಸು, ಲಾರಿ ತೊಳೆದ ನೀರಿನಲ್ಲಿ ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್, ಸೋಪು, ಮಣ್ಣು ಎಲ್ಲವೂ ಸೇರಿರುತ್ತವೆ. ತೇಲುವ ಎಣ್ಣೆಯನ್ನು ಸೆಪರೇಟರ್ ತೊಟ್ಟಿಯಲ್ಲಿ ತೆಗೆಯುತ್ತಾರೆ. ನೀರಿನೊಳಗೆ ಬೆರೆತು ಉಳಿದಿದ್ದನ್ನು ತಿನ್ನಿಸೋಕೆ ಪಾಚಿ ಮತ್ತು ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆಯುವ, ಆಳವಿಲ್ಲದ ಒಂದು ಕೊಳ. ನಿಧಾನವಾಗಿ ತಿರುಗುವ ಪ್ಯಾಡಲ್ ಚಕ್ರ ನೀರನ್ನು ಸುತ್ತಿಸುತ್ತಿರುತ್ತದೆ. ಇಂಥ ಕೊಳ ಕೈಕೊಟ್ಟಾಗ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ. ಕೊಳ ಕಟ್ಟುವ ಬಗ್ಗೆ ಇಲ್ಲಿ ಏನೂ ಇಲ್ಲ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಕೊಳವನ್ನು ಇಟ್ಟುಕೊಳ್ಳೋಣ. 100 ಚದರ ಮೀಟರ್ ವಿಸ್ತೀರ್ಣ, 30 ಸೆಂ.ಮೀ. ಆಳ, ಒಟ್ಟು 30,000 ಲೀಟರ್ ನೀರು. ದಿನಕ್ಕೆ 10,000 ಲೀಟರ್ ಒಳಗೆ ಬರುತ್ತದೆ. ನಿಮ್ಮ ಕೊಳ ದೊಡ್ಡದೋ ಚಿಕ್ಕದೋ ಇದ್ದರೆ ಅದೇ ಪ್ರಮಾಣದಲ್ಲಿ ಗುಣಿಸಿಕೊಳ್ಳಿ.

ಡೀಸೆಲ್ ತಿನ್ನೋದು ಯಾರು?

ಇದು ಸ್ಪಷ್ಟವಾಗದೆ ರಿಪೇರಿಗೆ ಕೈ ಹಾಕಬೇಡಿ. ಡೀಸೆಲ್ ತಿನ್ನೋದು ಮುಖ್ಯವಾಗಿ ಬ್ಯಾಕ್ಟೀರಿಯಾ. ಸ್ಯೂಡೋಮೊನಾಸ್, ಅಸಿನೆಟೊಬ್ಯಾಕ್ಟರ್, ರೋಡೊಕಾಕಸ್ ಜಾತಿಯವು. ಪಾಚಿಯ ಕೆಲಸ ಬಿಸಿಲಿನಲ್ಲಿ ಆಮ್ಲಜನಕ ಕೊಡೋದು. ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಪಾಚಿ ತಗೊಳ್ಳುತ್ತದೆ, ಪಾಚಿ ಬಿಟ್ಟ ಆಮ್ಲಜನಕವನ್ನು ಬ್ಯಾಕ್ಟೀರಿಯಾ ತಗೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1950ರ ದಶಕದಲ್ಲಿ ಎಂಜಿನಿಯರ್ ವಿಲಿಯಂ ಆಸ್ವಾಲ್ಡ್ ಚರಂಡಿ ನೀರಿಗೆ ಈ ಲೆಕ್ಕಾಚಾರ ಹಾಕಿಕೊಟ್ಟರು. ನಾವು ಅದನ್ನೇ ಎಣ್ಣೆ ನೀರಿಗೆ ಬಳಸುತ್ತಿದ್ದೇವೆ.

1991ರ ಕೊಲ್ಲಿ ಯುದ್ಧದ ಹೊತ್ತಿಗೆ ಸಮುದ್ರಕ್ಕೆ ಹರಿದ ಕಚ್ಚಾ ತೈಲ ದಡಕ್ಕೆ ಬಂದು ಕೂತಿತು. ಅದರ ಮೇಲೆ ಕೆಲವು ತಿಂಗಳಲ್ಲೇ ನೀಲಿ-ಹಸಿರು ಪಾಚಿಯ ಚಾಪೆ ಬೆಳೆಯಿತು. ಪಾಚಿಯೇ ತೈಲ ತಿನ್ನುತ್ತಿದೆ ಅಂತ ಮೊದಲು ಅನ್ನಿಸಿತ್ತು. ಆಮೇಲೆ ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದಾಗ, ಹೆಚ್ಚಿನ ಕೆಲಸ ಮಾಡುತ್ತಿದ್ದದ್ದು ಆ ಚಾಪೆಯೊಳಗಿದ್ದ ಬ್ಯಾಕ್ಟೀರಿಯಾ ಎಂದು ಗೊತ್ತಾಯಿತು. ಆದ್ದರಿಂದ ಕೊಳ ಹಸಿರಾಗಿದೆ ಅಂದಮಾತ್ರಕ್ಕೆ ಡೀಸೆಲ್ ಹೋಗುತ್ತಿದೆ ಅಂತಲ್ಲ. ಬಣ್ಣ ನೋಡಿ ಸಮಾಧಾನ ಪಟ್ಟುಕೊಳ್ಳೋದನ್ನು ಮೊದಲು ಬಿಡಬೇಕು.

ಇನ್ನೊಂದು ವಿಷಯ. ಡೀಸೆಲ್ಲಿನ ಇಂಗಾಲದ ಸರಪಳಿಯನ್ನು ಮುರಿಯೋಕೆ ಬ್ಯಾಕ್ಟೀರಿಯಾ ಮೊದಲ ಹೆಜ್ಜೆಯಲ್ಲೇ ಅದಕ್ಕೆ ಆಮ್ಲಜನಕದ ಪರಮಾಣು ಸೇರಿಸಬೇಕು. ಅಂದರೆ ಆಮ್ಲಜನಕ ಬರೀ ಉಸಿರಾಟಕ್ಕಲ್ಲ, ಮೊದಲ ತುತ್ತಿಗೇ ಬೇಕು. ಆಮ್ಲಜನಕ ಮುಗಿದರೆ ಕೆಲಸ ಸ್ವಲ್ಪ ನಿಧಾನ ಆಗೋದಲ್ಲ, ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ.

ಮೊದಲು ಎರಡು ಹೊತ್ತು ಅಳತೆ

ಏನೇ ದೂರು ಇರಲಿ, ಔಷಧಿ ಹಾಕುವ ಮುಂಚೆ ಎರಡು ಸಲ ಅಳೆಯಿರಿ. ಒಂದು, ಸೂರ್ಯ ಹುಟ್ಟುವ ಮುಂಚೆ. ಇನ್ನೊಂದು, ಮಧ್ಯಾಹ್ನ 2ರಿಂದ 3 ಗಂಟೆಯೊಳಗೆ. ನೀರಿನಲ್ಲಿ ಕರಗಿದ ಆಮ್ಲಜನಕ (ಡಿಒ) ಮತ್ತು ಪಿಎಚ್ (ಆಮ್ಲ-ಕ್ಷಾರದ ಅಳತೆ), ಎರಡನ್ನೂ ಅರ್ಧ ಆಳದಲ್ಲಿ ನೋಡಿ. ಹತ್ತು ಗಂಟೆಗೆ ಆರಾಮಾಗಿ ಬಂದು ಒಂದೇ ಸಲ ಅಳೆದು ಬರೆದ ಪುಸ್ತಕದಿಂದ ಏನೂ ತಿಳಿಯೋದಿಲ್ಲ. ಪಾಚಿ ಕೊಳದ ಒಂದು ದಿನದಲ್ಲಿ ಎರಡು ಬೇರೆ ಬೇರೆ ಕೊಳಗಳಿರುತ್ತವೆ.

ಡಿಒ ಬೆಳಗಿನ ಜಾವ ಲೀಟರಿಗೆ 2 ಮಿ.ಗ್ರಾಂಗಿಂತ ಜಾಸ್ತಿ, ಮಧ್ಯಾಹ್ನ 10 ದಾಟಿದೆ, ಪಿಎಚ್ ಕೂಡ ಬೆಳಗ್ಗೆ 7.5ರ ಹತ್ತಿರ ಇದ್ದದ್ದು ಮಧ್ಯಾಹ್ನ 9ರ ಸುತ್ತ ಏರಿದೆ ಎಂದರೆ ಪಾಚಿ, ಬ್ಯಾಕ್ಟೀರಿಯಾ ಇಬ್ಬರೂ ಕೆಲಸ ಮಾಡುತ್ತಿದ್ದಾರೆ. ಆದರೂ ರಿಪೋರ್ಟ್ ಕೆಟ್ಟದಾಗಿ ಬಂದಿದ್ದರೆ ಗೊಬ್ಬರದ ಲೆಕ್ಕವನ್ನೋ ಲ್ಯಾಬನ್ನೋ ಅನುಮಾನಿಸಿ (ಎರಡೂ ಮುಂದೆ ಬರುತ್ತವೆ).

ಜಾವದಲ್ಲಿ ಸೊನ್ನೆ, ಮಧ್ಯಾಹ್ನ 10ಕ್ಕಿಂತ ಮೇಲೆ: ಪಾಚಿ ಚೆನ್ನಾಗಿದೆ, ರಾತ್ರಿ ಹೊರೆ ಜಾಸ್ತಿ.

ಜಾವದಲ್ಲೂ ಸೊನ್ನೆ, ಮಧ್ಯಾಹ್ನವೂ 1–2: ಪಾಚಿ ಸೋತಿದೆ, ಅಥವಾ ಬರುವ ಎಣ್ಣೆ ಕೊಳದ ಶಕ್ತಿಗೆ ಮೀರಿದೆ.

ನಾಲ್ಕನೆಯದೇ ಮೋಸ ಮಾಡುವಂಥದ್ದು. ಜಾವದಲ್ಲಿ 7, ಮಧ್ಯಾಹ್ನ 7.5, ಪಿಎಚ್ ಅಲ್ಲಾಡಿಯೇ ಇಲ್ಲ. ನೋಡೋಕೆ ಬಹಳ ಒಳ್ಳೆಯ ಅಂಕಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಮುದ್ರಮಟ್ಟದ ನೀರು ಗಾಳಿಯಿಂದ ಹಿಡಿದುಕೊಳ್ಳುವ ಆಮ್ಲಜನಕವೇ ಲೀಟರಿಗೆ 7.5 ಮಿ.ಗ್ರಾಂ. ಅಂದರೆ ನಿಮ್ಮ ಕೊಳ ಬಕೆಟ್ಟಿನಲ್ಲಿಟ್ಟ ನಲ್ಲಿ ನೀರಿನಂತೆ ಸುಮ್ನೆ ನಿಂತಿದೆ. ಯಾರೂ ಆಮ್ಲಜನಕ ಕೊಡುತ್ತಿಲ್ಲ, ಯಾರೂ ತಗೊಳ್ಳುತ್ತಿಲ್ಲ. ವಿಷ ಬಿದ್ದಿರಬೇಕು ಎಂದುಕೊಂಡೇ ಹುಡುಕಾಟ ಶುರು ಮಾಡಿ.

ಬೆಂಗಳೂರಿನಂತೆ 900 ಮೀಟರ್ ಎತ್ತರದ ಊರಿನಲ್ಲಿ ಈ ಅಂಕಿ ಶೇ. 10ರಷ್ಟು ಕಡಿಮೆ ಇರುತ್ತದೆ. ಡಿಒ ಅಳೆಯುವ ಮೀಟರಿಗೆ ಊರಿನ ಎತ್ತರ ಹೇಳಿಕೊಡದಿದ್ದರೆ ಅದು ಸುಳ್ಳು ಹೇಳುತ್ತದೆ. ಮೀಟರ್ ತುದಿಯ ಮೇಲೆ ಎಣ್ಣೆ ಪೊರೆ ಕೂತಿದ್ದರೂ ಅಷ್ಟೇ.

ಎರಡು ಬಾಟಲಿ ಪರೀಕ್ಷೆ

ಇಬ್ಬರಲ್ಲಿ ಯಾರು ಕೈಕೊಟ್ಟಿದ್ದಾರೆ ಅಂತ ಖಚಿತ ಮಾಡೋಕೆ ಲ್ಯಾಬ್ ಬೇಡ. ಪಾರದರ್ಶಕವಾದ ಎರಡು ಗಾಜಿನ ಬಾಟಲಿ, ಸ್ವಲ್ಪ ಅಡುಗೆಮನೆ ಫಾಯಿಲ್ ಸಾಕು. ಬೆಳಗ್ಗೆ 9ರ ಹೊತ್ತಿಗೆ ಕೊಳದ ನೀರನ್ನು ಎರಡಕ್ಕೂ ಕಂಠಮಟ್ಟ ತುಂಬಿ. ಒಳಗೆ ಗಾಳಿಗುಳ್ಳೆ ಇರಬಾರದು. ತುಂಬುವಾಗಿನ ಡಿಒ ಬರೆದಿಟ್ಟುಕೊಳ್ಳಿ. ಆಗಲೇ ಸೊನ್ನೆ ಇದ್ದರೆ ಮೊದಲು ನೀರನ್ನು ಬಕೆಟ್ಟಿನಲ್ಲಿ ಚೆನ್ನಾಗಿ ಅಲುಗಾಡಿಸಿ ಗಾಳಿ ಸೇರಿಸಿ. ಒಂದು ಬಾಟಲಿಗೆ ಪೂರ್ತಿ ಫಾಯಿಲ್ ಸುತ್ತಿ. ಎರಡನ್ನೂ ಕೊಳದಲ್ಲೇ ಒಂದು ಗೇಣು ಆಳಕ್ಕೆ ಇಳಿಬಿಟ್ಟು, ಎರಡು-ಮೂರು ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಫಾಯಿಲ್ ಸುತ್ತಿದ ಬಾಟಲಿಯಲ್ಲಿ ಇಳಿದ ಆಮ್ಲಜನಕ ಒಟ್ಟು ಉಸಿರಾಟ. ಬಿಸಿಲಿನ ಬಾಟಲಿಯಲ್ಲಿ ಏರಿದ್ದಕ್ಕೆ ಇದನ್ನು ಕೂಡಿದರೆ ಪಾಚಿ ಕೊಟ್ಟ ಒಟ್ಟು ಆಮ್ಲಜನಕ ಸಿಗುತ್ತದೆ. ಕತ್ತಲೆ ಬಾಟಲಿ ಜೋರಾಗಿ ಇಳಿದು ಬಿಸಿಲಿನದ್ದು ಏರದೇ ಇದ್ದರೆ ಪಾಚಿಯ ಕಡೆ ಹೋಗಿ. ಬಿಸಿಲಿನದ್ದು ಏರಿ ಕತ್ತಲೆಯದ್ದು ಅಲುಗಾಡದಿದ್ದರೆ ಬ್ಯಾಕ್ಟೀರಿಯಾ ಹಸಿದಿದೆ ಅಥವಾ ಸತ್ತಿದೆ. ಎರಡೂ ಅಲುಗಾಡದಿದ್ದರೆ ಮೇಲೆ ಹೇಳಿದ ವಿಷದ ಕಥೆ.

ದೋಷ: ಬೆಳಗ್ಗೆ ಕಪ್ಪು ನೀರು, ಕೊಳೆತ ಮೊಟ್ಟೆ ವಾಸನೆ, ಮಧ್ಯಾಹ್ನಕ್ಕೆ ಸರಿಹೋಗುತ್ತದೆ

ಬಸ್ ಗ್ಯಾರೇಜುಗಳಲ್ಲಿ ಕಾಣುವ ದೊಡ್ಡ ದೋಷ ಇದೇ ಅನ್ನೋದು ನನ್ನ ಅಭಿಪ್ರಾಯ. ಇದರ ಬೇರು ಕೊಳದಲ್ಲಿಲ್ಲ, ಡ್ಯೂಟಿ ಚಾರ್ಟಿನಲ್ಲಿದೆ. ಬಸ್ಸುಗಳು ರಾತ್ರಿ ವಾಪಸ್ ಬರುತ್ತವೆ. ತೊಳೆಯೋದು ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ. ಎಣ್ಣೆ ನೀರೆಲ್ಲ ಕೊಳಕ್ಕೆ ಬರೋದು ಆಗಲೇ. ಪಾಚಿ ಆಮ್ಲಜನಕ ಕೊಡೋದು ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ. ಸಾಲದ್ದಕ್ಕೆ ರಾತ್ರಿ ಪಾಚಿಯೂ ಆಮ್ಲಜನಕ ತಗೊಳ್ಳುತ್ತದೆ. ಬೆಂಗಳೂರಿನ ಹಸಿರುಗಟ್ಟಿದ ಕೆರೆಗಳಲ್ಲಿ ಮೀನು ಬೆಳಗಿನ ಜಾವಕ್ಕೇ ಹೆಚ್ಚಾಗಿ ಸಾಯೋದಕ್ಕೂ ಇದೇ ಕಾರಣ.

ಲೆಕ್ಕ ನೋಡಿ. ಒಂದು ಗ್ರಾಂ ಡೀಸೆಲ್ ಪೂರ್ತಿಯಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗೋಕೆ ಸುಮಾರು 3.4 ಗ್ರಾಂ ಆಮ್ಲಜನಕ ಬೇಕು. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಅದಕ್ಕೆ 2.8 ಕಿಲೋ ಆಮ್ಲಜನಕ. ನಮ್ಮ 30,000 ಲೀಟರ್ ಕೊಳದಲ್ಲಿ ಲೀಟರಿಗೆ 8 ಮಿ.ಗ್ರಾಂ ಇದೆ ಅಂದುಕೊಂಡರೂ ಒಟ್ಟು ದಾಸ್ತಾನು 240 ಗ್ರಾಂ! ಒಂದು ಲೀಟರ್ ಡೀಸೆಲ್ ಚೆಲ್ಲಿದರೆ ಇಡೀ ಕೊಳದ ಹತ್ತು ಪಟ್ಟಿಗಿಂತ ಜಾಸ್ತಿ ಆಮ್ಲಜನಕ ಬೇಕು. ರಾತ್ರಿಯಂತೂ ಅದು ಬರುವ ದಾರಿಯೇ ಇಲ್ಲ.

ಹಗಲಿನ ಲೆಕ್ಕವೂ ಉದಾರವಾಗಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಒಂದು ಚದರ ಮೀಟರ್ ಕೊಳ ದಿನಕ್ಕೆ 10ರಿಂದ 20 ಗ್ರಾಂ ಒಣ ಪಾಚಿ ಬೆಳೆಸುತ್ತದೆ. ಒಂದು ಗ್ರಾಂ ಪಾಚಿಗೆ ಸುಮಾರು ಒಂದೂವರೆ ಗ್ರಾಂ ಆಮ್ಲಜನಕ. ಕಡಿಮೆ ಕಡೆಯಿಂದ ಹಿಡಿದರೆ ನಮ್ಮ 100 ಚದರ ಮೀಟರಿಗೆ ದಿನಕ್ಕೆ ಒಂದೂವರೆ ಕಿಲೋ. ಬರುವ 10,000 ಲೀಟರಿನಲ್ಲಿ ಲೀಟರಿಗೆ 50 ಮಿ.ಗ್ರಾಂ ಎಣ್ಣೆ ಇದ್ದರೆ ದಿನಕ್ಕೆ 500 ಗ್ರಾಂ. ಅದು ಕೇಳುವ ಆಮ್ಲಜನಕ 1.7 ಕಿಲೋ. ಅಲ್ಲಿಗೇ ಮುಗಿಯಿತು. ಒಂದಷ್ಟು ಎಣ್ಣೆ ಬ್ಯಾಕ್ಟೀರಿಯಾದ ಮೈಯಾಗಿ ಉಳಿಯುವುದರಿಂದ ಬೇಡಿಕೆ ಇಷ್ಟು ಪೂರ್ತಿ ಇರೋದಿಲ್ಲ, ನಿಜ. ಆದರೆ ಸೋಪು ಕೂಡ ಆಮ್ಲಜನಕ ಕೇಳುತ್ತದೆ. ಮಧ್ಯಾಹ್ನದ ಹೆಚ್ಚುವರಿ ಆಮ್ಲಜನಕ ಗಾಳಿಗೂ ಹೋಗುತ್ತದೆ. ಸೆಪರೇಟರ್ ದಾಟಿ 50ಕ್ಕಿಂತ ಜಾಸ್ತಿ ಬರುತ್ತಿದ್ದರೆ ಈ ಅಳತೆಯ ಕೊಳದಿಂದ ಪವಾಡ ನಿರೀಕ್ಷಿಸಬೇಡಿ.

ಪರಿಹಾರ: ಸೆಪರೇಟರಿಗೂ ಕೊಳಕ್ಕೂ ನಡುವೆ ಒಂದು ರಾತ್ರಿಯ ನೀರು ಹಿಡಿಯುವ ತೊಟ್ಟಿ. ರಾತ್ರಿ ಬಂದದ್ದನ್ನು ಅಲ್ಲಿ ತಡೆದು, ಬೆಳಗ್ಗೆ 9ರಿಂದ ಮಧ್ಯಾಹ್ನ 2ರೊಳಗೆ ಟೈಮರ್ ಪಂಪಿನಿಂದ ಸ್ವಲ್ಪಸ್ವಲ್ಪವಾಗಿ ಕೊಳಕ್ಕೆ ಬಿಡಿ. ಬಹಳ ಕಡೆ ಇಷ್ಟೇ ಸಾಕಾಗುತ್ತದೆ. ತೊಟ್ಟಿಗೆ ಜಾಗ ಇಲ್ಲದಿದ್ದರೆ ರಾತ್ರಿ ನೀರಿಗೆ ಗಾಳಿ ಊದುವ ಒಂದು ಸಣ್ಣ ಬ್ಲೋವರ್ ಓಡಿಸಬೇಕು, ಕರೆಂಟ್ ಬಿಲ್ ಏರುತ್ತದೆ. ಪ್ಯಾಡಲ್ ಚಕ್ರವನ್ನು ರಾತ್ರಿ ನಿಲ್ಲಿಸಿ ಕರೆಂಟ್ ಉಳಿಸುವ ಯೋಚನೆ ಮಾತ್ರ ಬೇಡ. ನಿಲ್ಲಿಸಿದರೆ ಪಾಚಿ-ಬ್ಯಾಕ್ಟೀರಿಯಾದ ಉಂಡೆಗಳು ತಳಕ್ಕೆ ಕೂತು ಅಲ್ಲೇ ಕೊಳೆಯುತ್ತವೆ. ನೀರು ಸೆಕೆಂಡಿಗೆ 15ರಿಂದ 30 ಸೆಂ.ಮೀ. ವೇಗದಲ್ಲಿ ಹರಿಯುತ್ತಿರಬೇಕು. ಒಂದು ಒಣ ಎಲೆ ತೇಲಿಬಿಟ್ಟು ನೋಡಿದರೆ ವೇಗ ಗೊತ್ತಾಗುತ್ತದೆ, ಯಾವ ಮೂಲೆಯಲ್ಲಿ ನೀರು ನಿಂತಿದೆ ಎಂಬುದೂ ಗೊತ್ತಾಗುತ್ತದೆ.

ದೋಷ: ಕೊಳದ ಮೇಲೆ ಬಣ್ಣಬಣ್ಣದ ಪೊರೆ

ಮೊದಲು ಕಡ್ಡಿಯಿಂದ ಕಲಕಿ. ಪೊರೆ ಹರಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ತಲೆ ಕೆಡಿಸಿಕೊಳ್ಳಬೇಡಿ.

ಎಣ್ಣೆಯೇ ಆಗಿದ್ದರೆ ದೋಷ ಸೆಪರೇಟರಿನದ್ದು. ಒಂದು ಗಾಜಿನ ಬಾಟಲಿಗೆ ಸೆಪರೇಟರಿನಿಂದ ಹೊರಬರುವ ನೀರನ್ನು ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ. ಮೇಲೆ ಎಣ್ಣೆ ಗೆರೆ ಕಟ್ಟಿತಾ? ಹಾಗಾದರೆ ಎಣ್ಣೆ ಬೇರೆಯಾಗೋಕೆ ತಯಾರಿದೆ, ನಿಮ್ಮ ತೊಟ್ಟಿ ಸಮಯ ಕೊಡುತ್ತಿಲ್ಲ. ಮೇಲಿನ ಎಣ್ಣೆ ತೆಗೆದು ಬಹಳ ದಿನ ಆಗಿರುತ್ತದೆ, ಅಥವಾ ತಳದಲ್ಲಿ ಮಣ್ಣು ತುಂಬಿ ತೊಟ್ಟಿಯ ಆಳವೇ ಕಡಿಮೆಯಾಗಿರುತ್ತದೆ. ಮರುದಿನವೂ ನೀರು ಹಾಲಿನಂತೆಯೇ ಇದ್ದರೆ ಎಣ್ಣೆ ಸಣ್ಣ ಹನಿಯಾಗಿ ಒಡೆದು ನೀರಿನಲ್ಲಿ ನಿಂತುಬಿಟ್ಟಿದೆ. ಈಗ ತೊಟ್ಟಿಯನ್ನು ಎರಡು ಪಟ್ಟು ಮಾಡಿದರೂ ಪ್ರಯೋಜನವಿಲ್ಲ.

ಯಾಕೆ ಅಂದರೆ, ಹನಿ ಮೇಲೇರುವ ವೇಗ ಅದರ ಅಡ್ಡಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಸಾಮಾನ್ಯ ಸೆಪರೇಟರುಗಳನ್ನು 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹನಿಯ ಲೆಕ್ಕದಲ್ಲಿ ಕಟ್ಟುತ್ತಾರೆ. ಅಂಥ ಡೀಸೆಲ್ ಹನಿ ಒಂದು ಮೀಟರ್ ಏರೋಕೆ ಸುಮಾರು 8 ನಿಮಿಷ ಸಾಕು. 15 ಮೈಕ್ರಾನ್ ಹನಿಗೆ ಅದರ ನೂರು ಪಟ್ಟು, ಅಂದರೆ ಹದಿಮೂರು ಗಂಟೆ. ಹನಿಯನ್ನು ಅಷ್ಟು ಸಣ್ಣ ಮಾಡೋದು ಎರಡು ವಿಷಯ. ಒಂದು, ಸೆಪರೇಟರಿಗಿಂತ ಮುಂಚೆ ಕೂತಿರುವ ಸೆಂಟ್ರಿಫ್ಯೂಗಲ್ ಪಂಪು. ಅದರ ರೆಕ್ಕೆಗಳು ಎಣ್ಣೆಯನ್ನು ಮಿಕ್ಸಿಯಂತೆ ಅರೆಯುತ್ತವೆ. ಪಂಪನ್ನು ಸೆಪರೇಟರಿನ ಆಚೆಗೆ ಹಾಕಿ, ಮೊದಲ ಭಾಗ ಇಳಿಜಾರಿನಲ್ಲೇ ಹರಿಯಲಿ. ಎರಡನೆಯದು ಡಿಗ್ರೀಸರ್, ಅಂದರೆ ಜಿಡ್ಡು ತೆಗೆಯುವ ದ್ರವ. ಅದು ಇರೋದೇ ಎಣ್ಣೆಯನ್ನು ನೀರಿನಲ್ಲಿ ಬೆರೆಸೋಕೆ, ಅಲ್ವಾ? ಎಂಜಿನ್ ತೊಳೆಯುವ ಜಾಗದ ನೀರನ್ನು ಬಾಡಿ ತೊಳೆಯುವ ನೀರಿನಿಂದ ಬೇರೆ ಮಾಡಿದರೆ ಅರ್ಧ ತಲೆನೋವು ಕಡಿಮೆ. ಎಂಜಿನ್ ನೀರಿನ ಪ್ರಮಾಣ ಕಡಿಮೆ ಇರುವುದರಿಂದ ಅದಕ್ಕೆ ಪಟಿಕ ಹಾಕಿ, ಎಣ್ಣೆಯನ್ನು ಗಟ್ಟಿಗಟ್ಟಿಸಿ ತೆಗೆಯೋದು ಸುಲಭ. ಎಷ್ಟು ಪಟಿಕ ಎಂಬುದನ್ನು ಬಾಟಲಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿಯೇ ಗೊತ್ತು ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಎಣ್ಣೆ ತೆಗೆಯೋಕೆ ಅಂತ ಯಾರನ್ನೂ ಸೆಪರೇಟರ್ ಗುಂಡಿಯೊಳಗೆ ಇಳಿಸಬೇಡಿ. ಅಲ್ಲಿ ಹೈಡ್ರೋಜನ್ ಸಲ್ಫೈಡ್ ಇರಬಹುದು, ಪೆಟ್ರೋಲ್ ಆವಿ ಇರಬಹುದು. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗೋದಿಲ್ಲ. ಹತ್ತಿರ ಬೀಡಿ, ವೆಲ್ಡಿಂಗ್ ಎರಡೂ ಬೇಡ.

ದೋಷ: ಹಸಿರು ಹೋಯಿತು

ಎಷ್ಟು ಬೇಗ ಹೋಯಿತು ಎಂಬುದೇ ಇಲ್ಲಿ ಸುಳಿವು.

ಒಂದೇ ರಾತ್ರಿಯಲ್ಲಿ ಬಿಳಿಚಿಕೊಂಡಿದ್ದರೆ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ವಿಷ. ಅದು ಡೀಸೆಲ್ ಆಗಿರೋದು ಅಪರೂಪ. ಬ್ಯಾಟರಿ ಆಸಿಡ್, ಬ್ಲೀಚಿಂಗ್ ಪುಡಿ, ಸೀಟು-ನೆಲ ಒರೆಸುವ ಕ್ರಿಮಿನಾಶಕ, ಇವುಗಳನ್ನು ಮೊದಲು ಅನುಮಾನಿಸಿ. ಕ್ವಾಟರ್ನರಿ ಅಮೋನಿಯಂ ಇರುವ ಕ್ರಿಮಿನಾಶಕಗಳು ಪಾಚಿಯನ್ನು ಕೊಲ್ಲೋಕೂ ಬಳಕೆಯಾಗುತ್ತವೆ, ಡಬ್ಬಿಯ ಲೇಬಲ್ ಓದಿ. ಸ್ಟೋರ್ ಕೀಪರನ್ನು "ಈ ವಾರ ಹೊಸ ಕ್ಯಾನ್ ಯಾವುದಾದರೂ ಬಂತಾ ಸಾರ್?" ಅಂತ ಕೇಳೋದು ಯಾವ ಮೀಟರಿಗಿಂತಲೂ ಬೇಗ ಉತ್ತರ ಕೊಡುತ್ತದೆ. ಅನುಮಾನ ಇದ್ದರೆ ಸಾಕ್ಷಿ ಪರೀಕ್ಷೆ ಸುಲಭ. ಬೇರೆ ಕಡೆಯ ಆರೋಗ್ಯವಂತ ಹಸಿರು ನೀರನ್ನು ನಾಲ್ಕು ಬಾಟಲಿಗೆ ಸಮನಾಗಿ ಅರ್ಧದಷ್ಟು ಹಾಕಿ. ಉಳಿದ ಅರ್ಧಕ್ಕೆ ಒಂದಕ್ಕೆ ಬರೀ ಬೋರ್‌ವೆಲ್ ನೀರು, ಮಿಕ್ಕವಕ್ಕೆ ನಿಮ್ಮ ಒಳಬರುವ ನೀರನ್ನು ಹಂತಹಂತವಾಗಿ ಜಾಸ್ತಿ ಮಾಡಿ ಬೆರೆಸಿ. ಬೆಳಕಿರುವ ನೆರಳಿನಲ್ಲಿ ಎರಡು-ಮೂರು ದಿನ ಇಟ್ಟರೆ ಯಾವ ಹಂತದಿಂದ ಹಸಿರು ಸಾಯುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ನಲ್ಲಿ ನೀರು ಬಳಸಬೇಡಿ, ಕ್ಲೋರಿನ್ ಇದ್ದರೆ ಪರೀಕ್ಷೆಯೇ ಕೆಡುತ್ತದೆ.

ಎರಡು-ಮೂರು ದಿನದಲ್ಲಿ ನೀರು ತಿಳಿಯಾಗಿ, ಚಹಾದ ಬಣ್ಣಕ್ಕೆ ಬಂದಿದ್ದರೆ ಹುಳ. ಒಂದು ಲೋಟ ನೀರನ್ನು ಬೆಳಕಿಗೆ ಹಿಡಿಯಿರಿ. ಕುಪ್ಪಳಿಸುವ ಚುಕ್ಕೆಗಳು ಕಂಡರೆ ಅವು ಡ್ಯಾಫ್ನಿಯಾ, ಮೋಯ್ನಾದಂಥ ನೀರುಚಿಗಟಗಳು. ರೋಟಿಫರ್ ಇನ್ನೂ ಸಣ್ಣದು, ಲೆನ್ಸ್ ಬೇಕು. ಇವು ಪಾಚಿಯನ್ನು ಮೇಯುತ್ತವೆ. ದೊಡ್ಡವನ್ನು ಸೊಳ್ಳೆಪರದೆಯಂಥ ಸಣ್ಣ ಜಾಲರಿಯಲ್ಲಿ ಸೋಸಬಹುದು. ಹೊಸ ಪಾಚಿ ಸುರಿದರೆ ಅವಕ್ಕೆ ಊಟ ಬಡಿಸಿದಂತೆ, ಅಷ್ಟೇ. ಮೊದಲು ಹುಳ ಕಡಿಮೆ ಮಾಡಿ, ಆಮೇಲೆ ಪಾಚಿ ಸೇರಿಸಿ. ಕೀಟನಾಶಕದ ಹತ್ತಿರವೂ ಹೋಗಬೇಡಿ.

ಒಂದು ವಾರದಲ್ಲಿ ನಿಧಾನವಾಗಿ ಹಳದಿಗೆ ತಿರುಗಿದರೆ ಸಾರಜನಕದ ಕೊರತೆ. ಮುಂದಿನ ಭಾಗ ಓದಿ.

ಜೂನ್‌ನಿಂದ ಶುರುವಾಗಿ ತಿಂಗಳುಗಟ್ಟಲೆ ಮಂಕಾಗಿದ್ದರೆ ಅದು ಮಳೆಗಾಲ. ಕರಾವಳಿ, ಮಲೆನಾಡಿನಲ್ಲಿ ಇದಕ್ಕೆ ಪಾಚಿಯಿಂದ ಉತ್ತರವಿಲ್ಲ. ನೀರಿನ ಆಳವನ್ನು 20 ಸೆಂ.ಮೀ.ಗೆ ಇಳಿಸಿದರೆ ಇರುವ ಬೆಳಕು ತಳದವರೆಗೆ ಮುಟ್ಟುತ್ತದೆ, ಆದರೆ ನೀರು ನಿಲ್ಲುವ ದಿನಗಳು ಕಡಿಮೆಯಾಗುತ್ತವೆ. ಆ ಮೂರು-ನಾಲ್ಕು ತಿಂಗಳು ಬ್ಲೋವರ್ ಇಟ್ಟುಕೊಳ್ಳೋದೇ ವಾಸಿ. ಸೂರು ಹಾಕಿ ಮಳೆನೀರು ಕೊಳಕ್ಕೆ ಬೀಳದಂತೆ ತಡೆದು, ಆ ಸೂರಿನಿಂದಲೇ ಬೆಳಕು ಕಳೆದುಕೊಂಡ ಕೊಳಗಳೂ ಇವೆ.

ದೋಷ: ಹಸಿರಿದೆ, ಆಮ್ಲಜನಕವೂ ಇದೆ, ಎಣ್ಣೆ ಮಾತ್ರ ಇಳಿಯುತ್ತಿಲ್ಲ

ಡೀಸೆಲ್ಲಿನಲ್ಲಿ ತೂಕದ ಶೇ. 85ಕ್ಕಿಂತ ಹೆಚ್ಚು ಇಂಗಾಲ. ಸಾರಜನಕ, ರಂಜಕ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬ್ಯಾಕ್ಟೀರಿಯಾ ಮೈ ಕಟ್ಟಿಕೊಳ್ಳೋಕೆ ಈ ಎರಡೂ ಬೇಕು. ಚರಂಡಿ ನೀರಿನಲ್ಲಿ ಅವು ತಾನಾಗಿ ಇರುತ್ತವೆ, ಗ್ಯಾರೇಜ್ ನೀರಿನಲ್ಲಿ ಇರೋದಿಲ್ಲ. ಇಂಗಾಲ 100ಕ್ಕೆ ಸಾರಜನಕ 10, ರಂಜಕ 1 ಎಂಬುದು ಸಾಮಾನ್ಯ ಲೆಕ್ಕ. ನಮ್ಮ ಕೊಳಕ್ಕೆ ದಿನಕ್ಕೆ ಬರುವ 500 ಗ್ರಾಂ ಎಣ್ಣೆಗೆ ಸುಮಾರು 20 ಗ್ರಾಂ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ), 85 ಗ್ರಾಂ ಯೂರಿಯಾ. ಇದು ಮೇಲಿನ ಮಿತಿ. ಅರ್ಧದಿಂದ ಶುರು ಮಾಡಿ. ಹತ್ತಿರದಲ್ಲೇ ಶೌಚಾಲಯದ ನೀರು ಶುದ್ಧ ಮಾಡುವ ಎಸ್‌ಟಿಪಿ ಇದ್ದರೆ ಅದರ ನೀರನ್ನು ಒಂದಿಷ್ಟು ಬೆರೆಸಿದರೆ ಗೊಬ್ಬರ ಕೊಳ್ಳುವ ಗೋಜೇ ಬೇಡ.

ಜಾಸ್ತಿ ಹಾಕಿದರೆ ಬೇಗ ಕೆಲಸ ಆಗುತ್ತದೆ ಅನ್ನೋದು ಸುಳ್ಳು. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮಧ್ಯಾಹ್ನ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ ಏರಿಸುತ್ತದೆ. ಪಿಎಚ್ 9.2ರ ಸುಮಾರಿಗೆ ಅರ್ಧದಷ್ಟು ಅಮೋನಿಯಾ ವಿಷದ ರೂಪಕ್ಕೆ ಬಂದಿರುತ್ತದೆ. ಅದು ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಜೊತೆಗೆ ಆ ಪಿಎಚ್‌ನಲ್ಲಿ ರಂಜಕ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಆಗ ಹಾಕಿದ ಡಿಎಪಿ ಯಾರಿಗೂ ಸಿಗೋದಿಲ್ಲ. ಬೋರ್‌ವೆಲ್ ನೀರು ಬಳಸುವ ಕಡೆ ಇದು ಜಾಸ್ತಿ. ಆದ್ದರಿಂದ ಗೊಬ್ಬರ ಕರಗಿಸಿ ಹಾಕುವ ಹೊತ್ತು ಬೆಳಗ್ಗೆ, ಪಿಎಚ್ ಇಳಿದಿರುವಾಗ.

ಗೊಬ್ಬರವೂ ಸರಿ ಇದ್ದರೆ ಬರುವ ಎಣ್ಣೆ ಯಾವುದು ಅಂತ ನೋಡಿ. ಡೀಸೆಲ್ಲಿನ ನೇರ ಸರಪಳಿಗಳು ಬೇಗ ಹೋಗುತ್ತವೆ. ಹಳೆಯ ಎಂಜಿನ್ ಆಯಿಲ್, ಗ್ರೀಸ್ ಬಹಳ ನಿಧಾನ. ಆಯಿಲ್ ಬದಲಿಸುವ ಪಿಟ್ಟಿನಿಂದ ಸೋರಿದ್ದು ಕೊಳಕ್ಕೆ ಬರುತ್ತಿದ್ದರೆ ಅದನ್ನು ಡ್ರಮ್ಮಿಗೆ ತಿರುಗಿಸಿ. ಪೆಟ್ರೋಲ್ ಗಾಡಿಗಳಿರುವ ಕಡೆ ಇನ್ನೊಂದು ಗಂಟಿದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ನೀರು ಸಿಕ್ಕ ತಕ್ಷಣ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿಗೆ ಇಳಿಯುತ್ತದೆ. ಸೆಪರೇಟರ್ ಅದನ್ನು ಹಿಡಿಯಲಾರದು. ಬ್ಯಾಕ್ಟೀರಿಯಾ ಸುಲಭದ ಊಟವಾದ ಎಥನಾಲನ್ನೇ ಮೊದಲು ತಿಂದು, ಇರುವ ಆಮ್ಲಜನಕ ಖರ್ಚು ಮಾಡಿ, ಪೆಟ್ರೋಲಿನ ವಿಷಕಾರಿ ಭಾಗಗಳಾದ ಬೆಂಜೀನ್, ಟಾಲ್ವೀನ್‌ಗಳನ್ನು ಆಮೇಲಕ್ಕೆ ಇಡುತ್ತದೆ.

ಬ್ಯಾಕ್ಟೀರಿಯಾ ಪುಡಿ ಕೊಳ್ಳಬೇಕಾ? ನನ್ನ ಮಾತು ಕೇಳುವುದಾದರೆ, ಅದು ಕೊನೆಯ ಉಪಾಯ. ವರ್ಷಗಟ್ಟಲೆ ಡೀಸೆಲ್ ಬಿದ್ದ ಗ್ಯಾರೇಜಿನ ಮಣ್ಣಿನಲ್ಲೇ ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಒಂದು ಹಿಡಿ ಮಣ್ಣು ಕದಡಿ, ತಿಳಿ ನೀರನ್ನು ಕೊಳಕ್ಕೆ ಹಾಕಿ ಒಂದೆರಡು ವಾರ ಕಾಯಿರಿ. ಕೊಳ್ಳಲೇಬೇಕಾದರೆ ಸಿಹಿನೀರಿಗೆ ಹೊಂದುವುದಾ ಅಂತ ಕೇಳಿ. ಸಮುದ್ರದ ಎಣ್ಣೆ ತಿನ್ನೋದರಲ್ಲಿ ಹೆಸರಾದ ಅಲ್ಕಾನಿವೊರಾಕ್ಸ್ ಉಪ್ಪು ನೀರಿನ ಜೀವಿ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅದಕ್ಕೆ ಕೆಲಸವಿಲ್ಲ. ವಿಜ್ಞಾನಿ ಆನಂದ ಚಕ್ರವರ್ತಿಯವರು ತೈಲ ತಿನ್ನಲೆಂದು ರೂಪಿಸಿದ ಸ್ಯೂಡೋಮೊನಾಸ್‌ಗೆ ಪೇಟೆಂಟ್ ಕೊಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. ಕಾನೂನಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಹೆಸರಿನ ಆ ಬ್ಯಾಕ್ಟೀರಿಯಾ ನಿಜವಾದ ಸೋರಿಕೆ ತೊಳೆಯೋಕೆ ಬಳಕೆಯಾಗಲೇ ಇಲ್ಲ.

ದೋಷ: ಎಣ್ಣೆ ಇಳಿದಿದೆ ಅನ್ನಿಸುತ್ತದೆ, ಲ್ಯಾಬ್ ರಿಪೋರ್ಟ್ ಏರಿದೆ

ಇದು ಬಹಳ ಜನರನ್ನು ಅಲೆದಾಡಿಸುವ ದೋಷ. ಆಯಿಲ್ ಅಂಡ್ ಗ್ರೀಸ್ ಪರೀಕ್ಷೆಯಲ್ಲಿ ನೀರನ್ನು ಹೆಕ್ಸೇನಿನಂಥ ದ್ರಾವಕದಿಂದ ತೊಳೆದು, ಅದರಲ್ಲಿ ಕರಗಿದ್ದನ್ನೆಲ್ಲ ತೂಗುತ್ತಾರೆ. ಪಾಚಿಯ ಮೈಯೊಳಗಿನ ಕೊಬ್ಬು, ಹಸಿರು ಬಣ್ಣವೂ ಅದರಲ್ಲಿ ಕರಗುತ್ತವೆ. ಅಂದರೆ ಕೊಳ ಹಸಿರಾದಷ್ಟೂ ರಿಪೋರ್ಟಿನಲ್ಲಿ 'ಎಣ್ಣೆ' ಏರುತ್ತದೆ! ಲ್ಯಾಬಿನವರಿಗೆ ಸಿಲಿಕಾ ಜೆಲ್‌ನಲ್ಲಿ ಶುದ್ಧ ಮಾಡಿ ಪೆಟ್ರೋಲಿಯಂ ಹೈಡ್ರೋಕಾರ್ಬನ್ ಮಾತ್ರ ಅಳೆಯಿರಿ ಅಂತ ಬರೆದುಕೊಡಿ. ಸಿಲಿಕಾ ಜೆಲ್ ಕೊಬ್ಬನ್ನು ಹಿಡಿದುಕೊಂಡು ಡೀಸೆಲ್ಲನ್ನು ಬಿಟ್ಟುಕೊಡುತ್ತದೆ. ಸಿಒಡಿ, ಬಿಒಡಿಗಳನ್ನೂ (ನೀರಿನ ಕೊಳೆ ರಾಸಾಯನಿಕದಿಂದ ಮತ್ತು ಬ್ಯಾಕ್ಟೀರಿಯಾದಿಂದ ಒಡೆಯೋಕೆ ಕೇಳುವ ಆಮ್ಲಜನಕದ ಅಳತೆಗಳು) ಸೋಸಿದ ನೀರಿನಲ್ಲಿ ಒಮ್ಮೆ, ಸೋಸದ ನೀರಿನಲ್ಲಿ ಒಮ್ಮೆ ಮಾಡಿಸಿ. ವ್ಯತ್ಯಾಸ ಪಾಚಿಯದ್ದು.

ಸ್ಯಾಂಪಲ್ ಹಿಡಿಯೋದರಲ್ಲೂ ತಪ್ಪಾಗುತ್ತದೆ. ಪ್ಲಾಸ್ಟಿಕ್ ಬಾಟಲಿಯ ಗೋಡೆಗೆ ಎಣ್ಣೆ ಅಂಟುತ್ತದೆ, ಆಗ ರಿಪೋರ್ಟ್ ಸುಳ್ಳೇ ಒಳ್ಳೆಯದಾಗಿ ಬರುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿ ಬೇಕು. ಅದೇ ನೀರಿನಿಂದ ಬಾಟಲಿ ತೊಳೆಯಬಾರದು. ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ತಣ್ಣಗಿಡಬೇಕು.

ಇನ್ನು ಇದರ ಉಲ್ಟಾ. ಎಣ್ಣೆ ಇಳಿದಿದೆ ಅಂತ ರಿಪೋರ್ಟ್ ಬಂದರೂ ಅದನ್ನು ಯಾರೂ ತಿಂದಿಲ್ಲದಿರಬಹುದು. ಪೆಟ್ರೋಲಿನ ಹಗುರ ಭಾಗ ಗಾಳಿಗೆ ಹಾರುತ್ತದೆ. ಪ್ಯಾಡಲ್ ಚಕ್ರ ಅದಕ್ಕೆ ಸಹಾಯ ಬೇರೆ ಮಾಡುತ್ತದೆ. ಡೀಸೆಲ್ ಪಾಚಿಯ ಮೈಗೆ ಅಂಟಿ ಕೂರುತ್ತದೆ. ಪತ್ತೆ ಮಾಡೋಕೆ ಎರಡು ಗಾಜಿನ ಟ್ರೇ ತಗೊಳ್ಳಿ. ಒಂದರಲ್ಲಿ ಕೊಳದ ನೀರು. ಇನ್ನೊಂದರಲ್ಲಿ ಅದೇ ನೀರನ್ನು ಬಯಲಲ್ಲಿ ಚೆನ್ನಾಗಿ ಕುದಿಸಿ ಆರಿಸಿದ್ದು. ಎರಡಕ್ಕೂ ಅಳೆದು ಸಮನಾಗಿ ಡೀಸೆಲ್ ಹಾಕಿ, ಒಂದೇ ಕಡೆ ಒಂದು ವಾರ ಇಟ್ಟು, ಪಾಚಿ ಸಮೇತ ಇಡೀ ನೀರನ್ನು ಪರೀಕ್ಷೆಗೆ ಕೊಡಿ. ಸತ್ತ ನೀರಿನಲ್ಲಿ ಕಡಿಮೆಯಾದದ್ದು ಗಾಳಿಗೆ ಹೋದದ್ದು. ಜೀವ ಇರುವ ನೀರಿನಲ್ಲಿ ಅದಕ್ಕಿಂತ ಎಷ್ಟು ಜಾಸ್ತಿ ಹೋಗಿದೆಯೋ ಅಷ್ಟೇ ನಿಮ್ಮ ಬ್ಯಾಕ್ಟೀರಿಯಾದ ಸಂಪಾದನೆ.

ಹೊರಬಿಡುವಾಗ ಸಿಕ್ಕಿಹಾಕಿಕೊಳ್ಳುವ ತೊಂದರೆಗಳು

ನಮ್ಮ ದೇಶದ ಸಾಮಾನ್ಯ ಮಾನದಂಡದಂತೆ ಕೆರೆ, ಹೊಳೆಗೆ ಬಿಡುವ ನೀರಿನಲ್ಲಿ ಆಯಿಲ್ ಅಂಡ್ ಗ್ರೀಸ್ ಲೀಟರಿಗೆ 10 ಮಿ.ಗ್ರಾಂ, ತೇಲುವ ಕಣ 100, ಬಿಒಡಿ 30, ಸಿಒಡಿ 250 ಮೀರಬಾರದು. ಪಿಎಚ್ 5.5ರಿಂದ 9ರೊಳಗೆ ಇರಬೇಕು. ನಿಮ್ಮ ಪರವಾನಗಿಯಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಇದ್ದರೆ ಅದೇ ಲೆಕ್ಕ.

ಮಧ್ಯಾಹ್ನ ಚೆನ್ನಾಗಿರುವ ಪಾಚಿ ಕೊಳದ ಪಿಎಚ್ 9.5 ದಾಟಬಹುದು. ಆಗ ನೀರು ಬಿಟ್ಟರೆ ತಪ್ಪು. ಬೆಳಗ್ಗೆ ಪಿಎಚ್ ಇಳಿದಿರುವಾಗ ಪಾಚಿ ತಳಕ್ಕೆ ಕೂರುವ ಸೆಟ್ಲಿಂಗ್ ತೊಟ್ಟಿಗೆ ಬಿಟ್ಟು, ಖಾಲಿಯಾದ ಜಾಗಕ್ಕೆ 9 ಗಂಟೆಯಿಂದ ಹೊಸ ನೀರು ತುಂಬಿಸಿ. ಎರಡು ಕೆಲಸ ಒಂದೇ ಸಲ ಆಗುತ್ತವೆ.

ಪಾಚಿ ಕೂರದಿದ್ದರೆ ತೇಲುವ ಕಣ 100 ಮೀರುತ್ತದೆ. ಒಂಟಿ ಪಾಚಿ ಕೋಶಗಳು ತಾವಾಗಿ ಕೂರೋದಿಲ್ಲ, ಬ್ಯಾಕ್ಟೀರಿಯಾ ಜೊತೆ ಉಂಡೆ ಕಟ್ಟಿದ್ದು ಕೂರುತ್ತದೆ. ತೊಟ್ಟಿಯ ತಳದಲ್ಲಿ ಕೂತದ್ದರಲ್ಲಿ ಒಂದು ಭಾಗವನ್ನು ದಿನವೂ ಕೊಳಕ್ಕೆ ವಾಪಸ್ ಹಾಕುತ್ತಾ ಬಂದರೆ, ಕೂರುವ ಜಾತಿಯೇ ಕೊಳದಲ್ಲಿ ಮೇಲುಗೈ ಪಡೆಯುತ್ತದೆ. ಅವಸರಕ್ಕೆ ಪಟಿಕ ಇದ್ದೇ ಇದೆ.

ತೆಗೆದ ಪಾಚಿಯನ್ನು ದನಕ್ಕೆ ಹಾಕಬಹುದಾ, ತೋಟಕ್ಕೆ ಗೊಬ್ಬರ ಮಾಡಬಹುದಾ ಅಂತ ಪ್ರತಿ ಕಡೆಯೂ ಕೇಳುತ್ತಾರೆ. ಬೇಡ. ಅದರ ಮೈಯಲ್ಲಿ ತಿನ್ನದೆ ಉಳಿದ ಎಣ್ಣೆ ಇರಬಹುದು, ಬ್ರೇಕು-ಎಂಜಿನ್ನಿನಿಂದ ಬಂದ ಲೋಹವೂ ಇರಬಹುದು. ಎಣ್ಣೆ ಇರುವ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ಒಣಗಿಸಿ, ಪರೀಕ್ಷೆ ಮಾಡಿಸಿ, ಅನುಮತಿ ಇರುವವರಿಗೇ ಕೊಡಬೇಕು.

ನೊರೆ ಬಗ್ಗೆ ಹೆಚ್ಚು ಹೇಳೋದೇನಿಲ್ಲ. ಬಿಳಿ ನೊರೆ ಸೋಪಿನದ್ದು, ಡಿಗ್ರೀಸರ್ ಕಡಿಮೆ ಮಾಡಿ. ಅಂಟುಅಂಟಾದ ಕಂದು ನೊರೆ ಬಂದರೆ ಪಾಚಿ ಸಾಯುತ್ತಿರಬಹುದು, ಎರಡು ಬಾಟಲಿ ಪರೀಕ್ಷೆಗೆ ವಾಪಸ್ ಹೋಗಿ.

ಪೂರ್ತಿ ಸತ್ತ ಕೊಳವನ್ನು ಮತ್ತೆ ಎಬ್ಬಿಸೋದು

ವಿಷ ಬಿದ್ದಿದ್ದರೆ ಒಳಬರುವ ನೀರನ್ನು ಮೊದಲು ನಿಲ್ಲಿಸಿ, ಬೇರೆ ತೊಟ್ಟಿಗೆ ತಿರುಗಿಸಿ. ಕೊಳದ ನೀರನ್ನು ಒಂದೇ ಸಲ ಚರಂಡಿಗೆ ಬಿಡೋ ಹಾಗಿಲ್ಲ. ಅದು ಈಗ ಶುದ್ಧವಾಗದ ಎಣ್ಣೆ ನೀರು. ಅದರಲ್ಲಿ ಮೂರನೇ ಒಂದು ಭಾಗ ಉಳಿಸಿಕೊಂಡು, ಮಿಕ್ಕದ್ದನ್ನು ಹಿಡಿದಿಟ್ಟು, ಬೋರ್‌ವೆಲ್ ನೀರು ತುಂಬಿ. ನಾಲ್ಕು ಬಾಟಲಿಯ ಸಾಕ್ಷಿ ಪರೀಕ್ಷೆಯನ್ನು ಈಗ ಈ ಬೆರಕೆ ನೀರಿಗೆ ಮಾಡಿ. ಪಾಚಿ ಬದುಕಿದರೆ ಬೀಜದ ಪಾಚಿ ಹಾಕಿ. ಯಾವಾಗಲೂ ಒಂದು 500 ಲೀಟರ್ ತೊಟ್ಟಿಯಲ್ಲಿ ಬೇರೆಯಾಗಿ ಪಾಚಿ ಬೆಳೆಸಿಟ್ಟುಕೊಂಡವರಿಗೆ ಇಲ್ಲಿ ಒಂದೆರಡು ವಾರ ಉಳಿಯುತ್ತದೆ. ಗೊಬ್ಬರ ಕಾಲು ಭಾಗ. ಎಣ್ಣೆ ನೀರು ಸದ್ಯಕ್ಕೆ ಬೇಡ.

ಮಧ್ಯಾಹ್ನದ ಡಿಒ 10 ದಾಟಿದ ಮೇಲೆ ದಿನದ ನೀರಿನ ಕಾಲು ಭಾಗವನ್ನು ಹಗಲು ಹೊತ್ತಿನಲ್ಲಿ ಮಾತ್ರ ಬಿಡೋಕೆ ಶುರು ಮಾಡಿ. ಜಾವದ ಡಿಒ ಸತತ ಮೂರು ದಿನ 2ರ ಮೇಲೆ ನಿಂತರೆ ಅರ್ಧಕ್ಕೆ ಏರಿಸಿ. ಮತ್ತೆ ಮೂರು ದಿನ ನಿಂತರೆ ಮುಕ್ಕಾಲು, ಆಮೇಲೆ ಪೂರ್ತಿ. ನಡುವೆ ಒಂದು ಜಾವ 1ಕ್ಕಿಂತ ಕೆಳಗೆ ಹೋದರೂ ಹಿಂದಿನ ಹಂತಕ್ಕೆ ಇಳಿಸಿ. ಹಿಡಿದಿಟ್ಟ ಹಳೆಯ ನೀರನ್ನು ಪೂರ್ತಿ ಹೊರೆಗೆ ಮುಟ್ಟಿ ಒಂದು ವಾರ ಕಳೆದ ಮೇಲೆ, ದಿನಕ್ಕೆ ಸಾವಿರ ಲೀಟರಿನಂತೆ ಹೊಸ ನೀರಿನ ಬದಲಿಗೆ ಸೇರಿಸಿ ಮುಗಿಸಿ.